ಹತ್ತಿರ ಬಂದರೆ ಕೆಂಪು

"ದೂರ ನಿಂದರ್ರಿ. ನೀವು ಬಾಜೂಕ ಬಂದ್ರ ನನ್ನ ಸಿಗ್ನಲ್ ಸತ್ತು ಹೋಗ್ತೈತಿ."

"ಎಷ್ಟು ದೂರ ರೀ?"

"ದೀಪ ಹಸಿರಾಗೋತನಕ."

ಕೊಟ್ರೇಶ ಅವಳ ಮುಖ ನೋಡುತ್ತಲೇ ಹಿಂದೆ ಹಿಂದೆ ಸರಿದು, ಒಣಮೆಣಸಿನಕಾಯಿ ರಾಶಿಯ ಮೇಲೆ ಧೊಪ್ಪನೆ ಕುಳಿತು, ಎಡೆಬಿಡದೆ ಸೀನತೊಡಗಿದ. ಬೇನಜೀರ ದುಪಟ್ಟಾ ಬಾಯಿಗಿಟ್ಟುಕೊಂಡು ನಕ್ಕಳು. ಆ ನಗುವೇ ಮುಂದೆ ಇಬ್ಬರಿಗೂ ಮುಳುವಾಯಿತು.

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಆಗ ಹೊಸ ವೈರ್‌ಲೆಸ್ ಪರೀಕ್ಷೆ ನಡೆದಿತ್ತು. ಕಳಿಸುವುದು, ಕೇಳುವುದು ಎರಡೂ ಒಂದೇ ತರಂಗದಲ್ಲಿ, ಒಂದೇ ಕ್ಷಣದಲ್ಲಿ ಆಗಬೇಕು. ಕೊಟ್ರೇಶನ ಸೆಟ್ಟು ಚೀಲಗಳ ತೂಕವನ್ನು ಟವರಿಗೆ ಕಳಿಸುತ್ತಿತ್ತು. ಬೇನಜೀರಳ ಸೆಟ್ಟು ಟವರಿನಿಂದ ದರ ಕೇಳುತ್ತಿತ್ತು. ಟವರು ಇದ್ದದ್ದು ಅವಳ ಅಣ್ಣ ಸರ್ಫರಾಜನ ಅಂಗಡಿಯ ಮಾಳಿಗೆಯ ಮೇಲೆ. ಅದಕ್ಕೇ ಅವಳಿಗೆ ಈ ಕೆಲಸಕ್ಕೆ ಮನೆಯಿಂದ ಒಪ್ಪಿಗೆ ಸಿಕ್ಕಿದ್ದು. ಕಳಿಸುವವನು ಕೇಳುವವಳ ಹತ್ತಿರ ಬಂದರೆ ಅವನ ಸದ್ದಿನಲ್ಲಿ ಟವರಿನ ಮಾತು ಮುಳುಗಿಹೋಗಿ, ಅವಳ ಡಬ್ಬಿಯ ದೀಪ ಕೆಂಪಾಗುತ್ತಿತ್ತು.

ಇಬ್ಬರೂ ಜಾಣರು. ಫೋನಿಲ್ಲ, ಮೆಸೇಜಿಲ್ಲ. ಊಟದ ಹೊತ್ತಿನಲ್ಲಿ ಚೀಲಗಳ ಅಟ್ಟಿಯ ಆಚೆ ಅವನು, ಈಚೆ ಅವಳು. ಅವನು ಸೆಟ್ಟಿನ ಗುಂಡಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರೆ ಇಲ್ಲಿ ದೀಪ ಮಿಟುಕುತ್ತಿತ್ತು.

"ನಿಮ್ಮ ಡಬ್ಬಿ ಕಣ್ಣು ಹೊಡೀತೈತಿ ನೋಡ್ರಿ."

"ನಿಮ್ಮ ಚಾಳಿ ಕಲ್ತೈತಿ ಅದು."

ಒಂದು ದಿನ ದೀಪ ಮಿಟುಕಲಿಲ್ಲ. "ನಾ ಕೊಟ್ರೇಶ, ನೀವು ಬೇನಜೀರ. ಈ ಊರಾಗ ಇದರ ಮುಂದ ನಾ ಏನೂ ಹೇಳೂ ಹಂಗಿಲ್ಲ," ಎಂದ ಅಟ್ಟಿಯ ಆಚೆಯಿಂದ.

"ಹೇಳಬ್ಯಾಡ್ರಿ. ನನಗ ಗೊತ್ತೈತಿ," ಎಂದಳು.

ಜನರ ಕಣ್ಣಿಗೆ ಮಣ್ಣೆರಚಿದ್ದರು ನಿಜ. ಆದರೆ ಚೀಲದ ಗೋಡೆ ಕಣ್ಣನ್ನು ತಡೆದೀತೇ ಹೊರತು ತರಂಗವನ್ನಲ್ಲ. ಈ ಪರೀಕ್ಷೆ ನಡೆಸುತ್ತಿದ್ದ ಕಾಲೇಜಿನ ಶ್ರೀದೇವಿ ಮೇಡಂ ಸರ್ಫರಾಜನ ಅಂಗಡಿಯಲ್ಲೇ ಲ್ಯಾಪ್‌ಟಾಪ್ ತೆರೆದು ಎಲ್ಲರಿಗೂ ಗ್ರಾಫ್ ತೋರಿಸಿದರು. ಸರ್ಫರಾಜ ಚಹಾ ಹಿಡಿದು ನಿಂತು ಮೇಡಂ ಮಾತು ಕೇಳುತ್ತಿದ್ದ.

"ಟವರು ತನ್ನ ಸದ್ದು ತಾನ ತೆಗೀತದ, ತಾ ಏನು ಹೇಳಾಕತ್ತೀನಿ ಅಂತ ಅದಕ್ಕ ಗೊತ್ತಿರ್ತದ. ಆದ್ರ ಬೇನಜೀರಳ ಸೆಟ್ಟಿಗೆ ಬ್ಯಾರೇದವ್ರ ಸದ್ದು ತೆಗಿಯಾಕ ಬರೂದಿಲ್ಲ, ದಿನಾ ಊಟದ ಹೊತ್ತಿಗೆ ಕೆಡ್ತದ ನೋಡ್ರಿ. ಕೊಟ್ರೇಶ, ನಿನ್ನ ಸೆಟ್ಟು ಆವಾಗ ಅಕಿ ಬಾಜೂಕನ ಇರ್ತದಲ್ಲ, ಯಾಕ? ಇದಕ್ಕ ಮದ್ದು ಒಂದ. ಇಬ್ಬರನ್ನೂ ದೂರ ಇಡೂದು."

ಮೇಡಂ ಮನಸ್ಸಿನಲ್ಲಿ ಕಪಟವಿರಲಿಲ್ಲ. ಸರ್ಫರಾಜ ಚಹಾದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟ.

ಸಂಜೆ ಕೊಟ್ರೇಶನ ಕಾಕಾ ಪ್ರಭುಲಿಂಗಪ್ಪನೂ ಅಂಗಡಿಗೆ ಬಂದ. ಎರಡು ಮನೆಯವರು ಜೀವಮಾನದಲ್ಲಿ ಮೊದಲ ಸಲ ಒಂದೇ ಮಾತಿಗೆ, ಇಬ್ಬರನ್ನೂ ದೂರ ಇಡಬೇಕೆಂಬುದಕ್ಕೆ, ತಲೆಯಾಡಿಸಿದರು. ಅಷ್ಟರೊಳಗೆ ಸುದ್ದಿ ಪೇಟೆಯ ತುಂಬ ಹರಡಿತ್ತು. ಮರುದಿನ ಕೊಟ್ರೇಶ ಕೆಲಸಕ್ಕೆ ಬರಲಿಲ್ಲ. ಅಗಡಿ ಊರಿಗೆ ಹೋಗುವ ದಾರಿಯಲ್ಲಿ ಒಬ್ಬ ಹುಡುಗನನ್ನು ಬಡಿದು ಹಾಕಿದ್ದಾರಂತೆ ಎಂದರು. ಬಡಿದವರು ಯಾರ ಕಡೆಯವರು, ಹುಡುಗ ಉಳಿದನೋ ಇಲ್ಲವೋ, ಬಾಯಿಬಿಟ್ಟು ಹೇಳುವವರಿಲ್ಲ.

"ಭಾಯಿಜಾನ್, ನೀವು ತೋರಿಸಿದವರಿಗೆ ನಿಕಾಹಕ್ಕ ಹೂಂ ಅಂತೀನಿ. ಕೊಟ್ರೇಶ ಅವ್ರು ಜೀವಂತ ಅದಾರೇನು, ಅಷ್ಟ ಹೇಳ್ರಿ."

"ನನಗೂ ಗೊತ್ತಿಲ್ಲ ತಂಗಿ. ಇನ್ನ ಅವನ ಹೆಸರು ಎತ್ತಬ್ಯಾಡ. ಯಾರರ ಕೇಳಿಸಿಕೊಂಡ್ರ ನಿನ್ನ ಉಳಸೂದು ನನ್ನ ಕೈಯಾಗಿಲ್ಲ." ಅಣ್ಣನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು.

ಅವಳ ಫೋನ್ ಅಣ್ಣನ ಕಪಾಟು ಸೇರಿತು. ರಾಣೆಬೆನ್ನೂರಿನ ಅಸ್ಲಮ್ ಎಂಬ ವರ ಗೊತ್ತಾದ. ಪರೀಕ್ಷೆ ಮುಗಿಯುವವರೆಗೆ ಅವಳ ಸೆಟ್ಟು ಮಾತ್ರ ಮನೆಯಲ್ಲೇ ಇರಲಿ ಎಂದು ಮೇಡಂ ಕೇಳಿಕೊಂಡಿದ್ದರು. ಕೊಟ್ರೇಶನ ಸೆಟ್ಟು ವಾಪಸ್ ಬಂದಿಲ್ಲ ಎಂಬುದೂ ಅವರ ಬಾಯಿಂದಲೇ ತಿಳಿದದ್ದು.

ಹಾಗಾಗಿ ಅವಳು ಆ ಡಬ್ಬಿಯನ್ನು ಕಿಟಕಿಯಲ್ಲಿಟ್ಟು ಕಾದಳು. ದೀಪ ಹಗಲೂ ರಾತ್ರಿ ಹಸಿರು. ಹಸಿರು ಎಂದರೆ ಎಲ್ಲ ಸರಿಯಿದೆ, ಹತ್ತಿರ ಯಾರೂ ಇಲ್ಲ ಎಂದರ್ಥ. ಅದನ್ನು ಕಂಡರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಸೆಟ್ಟು ಒಪ್ಪಿಸಬೇಕಾದ ದಿನವೇ ಮೆಹಂದಿ. ತಾಯಿ ಮಹಮೂದಾಬೇಗಂ ಅವಳ ಬಲಗೈಗೆ ಹಚ್ಚುತ್ತಿದ್ದಾಗ ಕಿಟಕಿಯ ದೀಪ ಕೆಂಪಾಯಿತು.

ಕೊಟ್ರೇಶನ ಸೆಟ್ಟು ಈಗ ಯಾರ ಕೈಯಲ್ಲಾದರೂ ಇರಬಹುದು. ಕೆಂಪು ಆರಿತು, ಹೊತ್ತಿತು, ಮತ್ತೆ ಆರಿತು. ಕಣ್ಣು ಹೊಡೆಯುತ್ತಿತ್ತು! ಆದರೆ ಹಿಂದಿನ ಚುರುಕಿಲ್ಲ. ಬೆರಳು ಸರಿಯಾಗಿ ಮಡಚಲು ಬಾರದವನು ಒತ್ತಿದಂತೆ ಒಂದೊಂದಕ್ಕೂ ಹೊತ್ತು ಹಿಡಿಯುತ್ತಿತ್ತು.

ಬದುಕಿದ್ದಾನೆ. ಗೋಡೆಯ ಆಚೆಯ ಓಣಿಯಲ್ಲಿ ನಿಂತಿದ್ದಾನೆ. ಓಡಿಹೋಗಿ ಬಾಗಿಲು ತೆಗೆಯಬೇಕೆಂದು ಅವಳ ಜೀವ ಬಡಿದುಕೊಂಡಿತು. ತೆಗೆದರೆ ಇಡೀ ಓಣಿ ನೋಡುತ್ತದೆ. ಈ ಸಲ ಅವನು ಉಳಿಯಲಾರ.

ಅಂಗಡಿ ಕಡೆಯಿಂದ ಅಣ್ಣನ ಹೆಜ್ಜೆ ಕೇಳಿತು. ಅವಳು ಹಸಿ ಮೆಹಂದಿಯ ಅಂಗೈಯನ್ನೇ ದೀಪದ ಮೇಲೆ ಒತ್ತಿ ಹಿಡಿದಳು. ಬೆರಳ ಸಂದಿಯಲ್ಲಿ ಕೆಂಪು ಮಿಣುಕಿದ್ದನ್ನು ತಾಯಿ ಕಂಡಳು. ಮಗಳ ಮುಖ ನೋಡಿದಳು.

"ಸರ್ಫರಾಜ, ಅಲ್ಲೇ ನಿಂದರು. ಮೆಹಂದಿ ಹಚ್ಚಾಕತ್ತೇನಿ, ಈಗ ಒಳಗ ಬರಬ್ಯಾಡ!" ಎಂದು ಕೂಗಿ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು.

ಬೇನಜೀರ ಕೈ ತೆಗೆದಾಗ ದೀಪ ಹಸಿರಾಗಿತ್ತು. ಅಂಗೈಯ ಹೂವಿನ ನಡುವೆ ದೀಪದ ದುಂಡನೆಯ ಗುರುತು ಬಿದ್ದಿತ್ತು. ತಾಯಿ ಮೆಹಂದಿ ಕೋನ್ ಎತ್ತಿಕೊಂಡಳು, ಅದನ್ನು ತಿದ್ದದೆ ಮತ್ತೆ ಕೆಳಗಿಟ್ಟಳು.

"ಮೇಡಂ ಫೋನ್ ಮಾಡ್ಯಾರ," ಅಣ್ಣ ಹೊರಗಿನಿಂದಲೇ ಕೇಳಿದ, "ಸಿಗ್ನಲ್ ಛಲೋ ಬರಾಕತ್ತೈತೇನು?"

"ಹೂಂ, ಭಾಯಿಜಾನ್," ಎಂದಳು ಬೇನಜೀರ. "ಈಗ ಏನೂ ಅಡ್ಡಿ ಇಲ್ಲ."