ನಲವತ್ತು ನೇರಳೆ ಮುಚ್ಚಳ

ಬೆಳಿಗ್ಗೆ ಎಂಟಕ್ಕೆ ಪ್ರಯೋಗಾಲಯದ ಬಾಗಿಲು ತೆರೆದಾಗ ಫ್ರೀಜರಿನ ಪ್ಲಗ್ಗು ನೆಲದ ಮೇಲಿತ್ತು. ಒಳಗೆ ಸೀಸೆಗಳಲ್ಲಿ ಮಂಜುಗಟ್ಟಿಸಿಟ್ಟಿದ್ದ, ಎಂಬತ್ತು ರೋಗಿಗಳ ರಕ್ತದ ತಿಳಿ ಕರಗಿಹೋಗಿತ್ತು. ಎಂಟೂಕಾಲಿಗೆಲ್ಲ ದೊಡ್ಡ ಡಾಕ್ಟರು ಅಪರಾಧಿಯನ್ನೂ ಹಿಡಿದುಬಿಟ್ಟರು. ಹಿಂದಿನ ಸಂಜೆ ಕೊನೆಗೆ ಹೋದವಳು ಪರೀಕ್ಷೆ ಮಾಡುವ ಹುಡುಗಿ, ಅಲ್ಲಿಗೆ ಮುಗಿಯಿತು. ಹನ್ನೆರಡಕ್ಕೆ ನಿರ್ದೇಶಕಿ ಬಂದು ಅವಳ ಕೆಲಸ ಕಿತ್ತುಕೊಳ್ಳುವುದೊಂದೇ ಬಾಕಿ. ಓದಿದವರ ತನಿಖೆ ಇಷ್ಟೇ: ಯಾರ ಕುರ್ಚಿ ಮುರುಕಲೋ ತಪ್ಪು ಅವರದು.

ಕಾವಲುಗಾರ ನೆಟ್ಟಗೆ ಕೆಳಗಿನ ತೊಳೆಯುವ ಕೋಣೆಗೆ ಇಳಿದ. ಅಲ್ಲಿ ಇಪ್ಪತ್ತು ವರ್ಷದಿಂದ ಗಾಜಿನ ಸಾಮಾನು ತೊಳೆಯುತ್ತಿದ್ದ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಆ ಕಟ್ಟಡದ ಎಷ್ಟೋ ಗುಟ್ಟು ಬಿಡಿಸಿದವಳು ಅವಳು, ಸನ್ಮಾನದ ಶಾಲು ಹೊದ್ದವರು ಮಾತ್ರ ಮೇಲಿನವರು. ಅವಳು ಕೈ ಒರೆಸಿಕೊಂಡು ಮೇಲೆ ಬಂದಳು. ಫ್ರೀಜರಿನ ಗೋಡೆಗೆ ಬೆರಳು ದಪ್ಪದ ಹಿಮ ಅಂಟಿಕೊಂಡೇ ಇತ್ತು. ಸೀಸೆಗಳ ಚೀಟಿಗಳು ನೆನೆದು ಉಬ್ಬಿದ್ದವು. ಸೀಸೆಗಳನ್ನು ಹದವಾಗಿ ಬೆಚ್ಚಗಿಡುವ ನೀರಿನ ತೊಟ್ಟಿಗೆ ಕೈ ಅದ್ದಿ ನೋಡಿದಳು.

"ಬೆಳಿಗ್ಗೆ ಬೀಗದ ಕೈ ಯಾರಿಗೆ ಕೊಟ್ಟೆಯೋ?"

"ದೊಡ್ಡ ಡಾಕ್ಟ್ರಿಗೆ ದೊಡ್ಡಮ್ಮಾ. ಆರೂವರೆಗೆ ಬಂದ್ರು, ಕನ್ನಡಕ ಮರೆತಿದೀನಿ ಅಂತ. ಮುಕ್ಕಾಲು ಗಂಟೆ ಹುಡುಕಿದ್ರು ಪಾಪ." ಅಷ್ಟು ಹೇಳಿ ಅವನೇ ತಡವರಿಸಿದ. "ಆದ್ರೆ ಕನ್ನಡಕ ಅವರ ಮೂಗಿನ ಮೇಲೇ ಇತ್ತು."

"ಆಗ್ಲೇ ಯಾಕೆ ಬಾಯಿ ಬಿಡಲಿಲ್ಲ?"

ದೊಡ್ಡವರ ಮೂಗನ್ನು ನೋಡುವ ಧೈರ್ಯ ಅವನಿಗೆ ಎಂದೂ ಇರಲಿಲ್ಲ. ಅವಳು ಕೆಳಗಿಳಿದು ತನ್ನ ಕಸದ ಪುಸ್ತಕ ತಂದಳು. ಬಳಸಿದ ರಕ್ತದ ಕೊಳವೆಗಳನ್ನು ಹಬೆಯಲ್ಲಿ ಬೇಯಿಸಿ ಎಸೆಯುವ ಮೊದಲು ಮುಚ್ಚಳದ ಬಣ್ಣ ನೋಡಿ ಎಣಿಸಿ ಬರೆಯಬೇಕು; ಅದನ್ನು ಯಾರೂ ಓದುವುದಿಲ್ಲ, ಆದರೂ ಬರೆಯಬೇಕು.

ಹನ್ನೆರಡಕ್ಕೆ ಎಲ್ಲರೂ ಸೇರಿದರು. ಹುಡುಗಿಯ ಕಣ್ಣು ಊದಿತ್ತು. ದೊಡ್ಡ ಡಾಕ್ಟರು ನಿರ್ದೇಶಕಿಗೆ ತಮ್ಮ ಔಷಧದ ಪುರಾಣ ಬಿಚ್ಚಿದರು. ಕಾಲಿನಲ್ಲಿ ನಿಂತುಹೋದ ರಕ್ತ ಮತ್ತೆ ಹರಿದಾಗ ಆಮ್ಲಜನಕವೇ ಹುಚ್ಚೆದ್ದು ಮಾಂಸವನ್ನು ಕಚ್ಚುತ್ತದೆ, ಕಚ್ಚಿದ ಗುರುತು ರಕ್ತದಲ್ಲಿ ಉಳಿಯುತ್ತದೆ. ಯಾರ ತಿಳಿಗೆ ದ್ರಾವಣ ಹಾಕಿದರೂ ತುಸು ಗುಲಾಬಿ ಬಣ್ಣ ಬರುತ್ತದೆ. ಪೆಟ್ಟು ಹೆಚ್ಚಿದಷ್ಟೂ ಬಣ್ಣ ಗಾಢ. ಔಷಧ ಪಡೆದ ನಲವತ್ತು ಜನರ ತಿಳಿಯಲ್ಲಿ ಬಣ್ಣವೇ ಬಂದಿರಲಿಲ್ಲವಂತೆ; ಪಡೆಯದ ಉಳಿದ ನಲವತ್ತು ಜನರದು ಗುಲಾಬಿಯಾಗಿತ್ತಂತೆ. ಹೊರಗಿನವರು ನಾಳೆ ಮರುಪರೀಕ್ಷೆಗೆ ಬರುವಷ್ಟರಲ್ಲಿ ಈ ಹುಡುಗಿ ಎಲ್ಲ ಹಾಳು ಮಾಡಿದಳಂತೆ.

"ಕೊನೆಗೆ ಹೋಗಿದ್ದು ಇವಳಲ್ಲ, ನಾನು," ಎಂದಳು ದೊಡ್ಡಮ್ಮ. "ನನ್ನನ್ನ ನೀವು ಮನುಷ್ಯರ ಲೆಕ್ಕಕ್ಕೆ ಹಿಡೀಲಿಲ್ಲ. ಆಗ ಪ್ಲಗ್ಗು ಗೋಡೇಲಿತ್ತು. ರಾತ್ರಿಯೆಲ್ಲ ಫ್ರೀಜರ್ ನಿಂತಿದ್ರೆ ಹಿಮ ಮೊದಲು ಕರಗಬೇಕಿತ್ತು. ಹಿಮ ಗಟ್ಟಿ, ಸೀಸೆ ಮಾತ್ರ ನೀರು. ನಾನು ಸಂಜೆ ಒರೆಸಿಟ್ಟ ತೊಟ್ಟಿ ಬೆಳಿಗ್ಗೆ ತುಂಬಿದೆ, ಇನ್ನೂ ಬೆಚ್ಚಗಿದೆ; ಸೀಸೆ ಕರಗಿದ್ದು ಅದರಲ್ಲಿ. ಆರೂವರೆಗೆ ಬಂದವರು ನೀವೊಬ್ಬರೇ ಡಾಕ್ಟ್ರೇ." ಅವಳು ಕಾವಲುಗಾರನ ಕಡೆ ತಿರುಗಿದಳು. "ಏನೋ, ಹೇಳು."

ಕಾವಲುಗಾರ ಕನ್ನಡಕದ ಮಾತನ್ನು ಗಟ್ಟಿಯಾಗಿ ಹೇಳಿದ. ಡಾಕ್ಟರ ಕೈ ತಾನಾಗಿ ಮೂಗಿಗೆ ಹೋಯಿತು.

"ನನ್ನ ಮಾದರಿ ನಾನೇ ಯಾಕೆ ಕೆಡಿಸಲಿ?"

"ಕರಗಿದ್ದನ್ನ ಯಾರೂ ಅಳೆಯಲ್ಲ, ಚೆಲ್ತಾರೆ; ನಾಳೆಯ ಮರುಪರೀಕ್ಷೆ ತಪ್ಪುತ್ತೆ. ಈ ಪರೀಕ್ಷೆಗೆ ಹಸಿರು ಮುಚ್ಚಳದ ಕೊಳವೆ ಬೇಕು. ನನ್ನ ಕಸದ ಪುಸ್ತಕದಲ್ಲಿ ನಲವತ್ತು ಹಸಿರು, ನಲವತ್ತು ನೇರಳೆ. ಔಷಧ ಪಡೆದ ನಲವತ್ತು ಜನರ ರಕ್ತ ತೆಗೆದಿದ್ದು ನೀವೇ, ಸೀಸೆಗೆ ಸುರಿದಿದ್ದೂ ನೀವೇ. ನೇರಳೆ ಕೊಳವೆಯೊಳಗಿನ ಪುಡಿ ರಕ್ತದ ಕಬ್ಬಿಣ ಹಿಡಿದಿಟ್ಟುಕೊಳ್ಳುತ್ತೆ, ಕಬ್ಬಿಣ ಇಲ್ದೆ ಬಣ್ಣ ಏಳಲ್ಲ. ಔಷಧ ಏನೂ ಮಾಡಿಲ್ಲ, ಕೊಳವೆ ಮಾಡಿದೆ."

"ಬಾಟ್ಲಿ ತೊಳೆಯೋಳಿಗೆ ಇದೆಲ್ಲ ಹೇಳಿದ್ಯಾರು?"

"ನೀವೇ. ಹತ್ತು ವರ್ಷದ ಹಿಂದೆ ಮರೆತು ನೇರಳೆ ಕೊಳವೆ ತಂದುಕೊಟ್ಟಿದ್ದೆ. ಕತ್ತೆ ಅಂತ ಕರೆದು, ಈ ಮಾತನ್ನ ಒಂದೂ ಬಿಡದೆ, ಎಲ್ಲರ ಮುಂದೆ ಕೂಗಿದ್ರಿ. ಬೈದವರು ಮರೀತಾರೆ."

ಇದನ್ನು ಅಲ್ಲೇ ಪರೀಕ್ಷಿಸಲು ನಿರ್ದೇಶಕಿ ಡಾಕ್ಟರ ತೋಳನ್ನೇ ಕೇಳಿದರು. ಅವರು ತೋಳಿನ ಗುಂಡಿ ಬಿಚ್ಚಲಿಲ್ಲ. ಕಾವಲುಗಾರ ತನ್ನ ತೋಳು ಚಾಚಿದ. ಒಂದೇ ಸೂಜಿ, ಎರಡು ಕೊಳವೆ. ಹುಡುಗಿ ದ್ರಾವಣ ಬೆರೆಸಿದಳು. ಹಸಿರು ಕೊಳವೆಯ ತಿಳಿ ಗುಲಾಬಿಯಾಯಿತು. ನೇರಳೆಯದು ಬೆಪ್ಪಾಗಿ ಬಿಳಚಿಕೊಂಡೇ ಕೂತಿತು, ಡಾಕ್ಟರ ಮುಖದ ಹಾಗೆ. ಆ ಮುಖ ನಂಬಿ ಇನ್ನೆಷ್ಟು ಜನರ ಕಾಲು ಕೊಳೆಯಬೇಕಿತ್ತೋ.

"ಬೆಳಿಗ್ಗೆ ಇದನ್ನ ಚೆಲ್ಲು ಅಂದಿದ್ರಿ ಡಾಕ್ಟ್ರೇ," ಎಂದು ದೊಡ್ಡಮ್ಮ ಎಂಬತ್ತು ಸೀಸೆಗಳ ಬುಟ್ಟಿಯನ್ನು ನಿರ್ದೇಶಕಿಯ ಮುಂದಿಟ್ಟಳು. "ಚೆಲ್ಲಿಲ್ಲ. ನೇರಳೆ ಕೊಳವೆಯ ಪುಡಿ, ತಿಳಿ ಕರಗಿದ ಮೇಲೂ, ಅಲ್ಲೇ ಇರುತ್ತೆ, ಹೊರಗಿನವರು ಬಂದು ನೋಡ್ಕೊಳ್ಳಲಿ."

ನಿರ್ದೇಶಕಿ ವಜಾ ಪತ್ರದಲ್ಲಿದ್ದ ಹುಡುಗಿಯ ಹೆಸರು ಹೊಡೆದುಹಾಕಿ, ಲೇಖನಿಯನ್ನು ಮುಚ್ಚದೆ ಡಾಕ್ಟರ ಕಡೆ ತಿರುಗಿದರು. ದೊಡ್ಡಮ್ಮನಿಗೆ ಅದನ್ನು ನೋಡುವ ಪುರುಸೊತ್ತಿರಲಿಲ್ಲ. ಕಸದ ಪುಸ್ತಕದಲ್ಲಿ ಒಂದು ಹಸಿರು, ಒಂದು ನೇರಳೆ ಎಂದು ಬರೆದು ಕೆಳಗಿಳಿದಳು.