ಒದ್ದೆ ಅಂಗೈಯವಳ ಎಲೆಯಾಟ

ಏನನ್ನೇ ಮುಟ್ಟುವ ಮೊದಲು ಮುಗುಳಿ ತನ್ನ ಅಂಗೈಗಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದಳು. ಬಾಗಿಲ ಚಿಲಕ ತೆಗೆಯುವ ಮುಂಚೆ ಒಮ್ಮೆ, ನೀರಿನ ಲೋಟ ಎತ್ತುವ ಮುಂಚೆ ಒಮ್ಮೆ, ಯಾರಾದರೂ ಎದುರಿಗೆ ಬಂದರಂತೂ ಎರಡೆರಡು ಸಲ. ಅವಳ ಲಂಗಗಳೆಲ್ಲ ಎರಡೂ ಮಗ್ಗುಲಲ್ಲೇ ಮೊದಲು ಸವೆಯುತ್ತಿದ್ದವು.

ಬಲು ಹಿಂದೆ, ನೇಸರಗಿರಿ ಎಂಬ ರಾಜ್ಯದಲ್ಲಿದ್ದವಳು ಈ ಮುಗುಳಿ. ಆ ರಾಜ್ಯದವರಿಗೆ ಎಲೆಯಾಟವೆಂದರೆ ಪ್ರಾಣ. ದಪ್ಪ ಬಟ್ಟೆಗೆ ಅರಗು ಮೆತ್ತಿ, ಮೇಲೆ ಬಣ್ಣದಲ್ಲಿ ಆನೆ, ಕುದುರೆ, ರಾಜ, ಮಂತ್ರಿಗಳನ್ನು ಬರೆದ ದುಂಡನೆಯ ಎಲೆಗಳು. ಮದುವೆಮನೆಯಲ್ಲಿ ಎಲೆ, ಬಾಣಂತಿಯ ಕೋಣೆಯಲ್ಲಿ ಎಲೆ, ಅರಮನೆಯಲ್ಲಿ ಎಲೆ. ಆಟಕ್ಕೆ ಕೂರುವ ಮುನ್ನ ಎಲ್ಲರೂ ಅಂಗೈಗೆ ಬೂದಿ ತಿಕ್ಕಿಕೊಂಡು ಒಣಗಿಸಿಕೊಳ್ಳಬೇಕು. ಅದು ಆ ನಾಡಿನ ಮರ್ಯಾದೆ. ಇಬ್ಬರು ಎದುರಾದರೆ ಅಂಗೈಗೆ ಅಂಗೈ ಒತ್ತಬೇಕು. ಅದು ಆ ನಾಡಿನ ನಮಸ್ಕಾರ.

ಪಾಪ, ಮುಗುಳಿ ಏನು ಮಾಡಬೇಕು? ಚಳಿಗಾಲದಲ್ಲೂ ಅವಳ ಅಂಗೈ ಬೆವರುತ್ತಿತ್ತು. ತಿಕ್ಕಿಕೊಂಡ ಬೂದಿ ಕೆಸರಾಗುತ್ತಿತ್ತು. ಹಿಡಿದ ಎಲೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು.

"ಬೇಡಮ್ಮ, ನೀನು ದೂರ ಕೂತು ನೋಡು," ಎನ್ನುತ್ತಿದ್ದಳು ಪಕ್ಕದ ಮನೆಯ ನಾಗಲಾಂಬೆ. "ನಿನ್ನ ಕೈಗೆ ಸಿಕ್ಕಿದ ರಾಜನಿಗೆ ಶೀತ ಆಗಿಬಿಡುತ್ತೆ!"

ಎಲ್ಲರೂ ನಗುತ್ತಿದ್ದರು. ಮುಗುಳಿಯೂ ಸ್ವಲ್ಪ ನಗುತ್ತಿದ್ದಳು. ಆಮೇಲೆ ಕಂಬಕ್ಕೆ ಒರಗಿ, ಕೈ ಬೆನ್ನ ಹಿಂದೆ ಅಡಗಿಸಿ, ಆಟ ನೋಡುತ್ತಿದ್ದಳು.

ಅವಳ ಕೈ ಹಿಡಿಯುತ್ತಿದ್ದವಳು ಒಬ್ಬಳೇ, ಅಕ್ಕ ತಾರಕಿ. "ಕೊಡೇ ಇಲ್ಲಿ, ನನಗೆ ಸೆಖೆ. ತಂಪಾಗಿರುತ್ತೆ ನಿನ್ನ ಕೈ," ಎಂದು ಎಳೆದು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. ಎಲೆಯಾಟದಲ್ಲಿ ತಾರಕಿಯನ್ನು ಸೋಲಿಸುವವರು ಊರಲ್ಲೇ ಇರಲಿಲ್ಲ.

ಹೀಗಿರುವಾಗ ಶುಷ್ಕಕೇತು ಎಂಬ ಮಾಂತ್ರಿಕ ಬಂದ. ಅವನು ಕಾಲಿಟ್ಟ ಗುಡ್ಡದಲ್ಲಿ ಹುಲ್ಲು ಒಣಗಿತು. ಒಂದೇ ಹಗಲಿನಲ್ಲಿ ಅಲ್ಲೊಂದು ಸುಣ್ಣದಂಥ ಬಿಳಿ ಕೋಟೆ ಎದ್ದಿತು. ಕೋಟೆಯ ಮೇಲಿಂದ ಅವನು ಕೂಗಿದ:

"ನನ್ನೊಡನೆ ಎಲೆಯಾಡಿ! ಮೂರು ಆಟ. ಕೈಯಲ್ಲಿನ ಎಲೆ ಯಾರಿಗೆ ಮೊದಲು ಖಾಲಿಯಾಗುತ್ತದೋ ಅವರದೇ ಗೆಲುವು. ಮೂರರಲ್ಲಿ ಒಂದನ್ನು ಗೆದ್ದರೂ ಸಾಕು, ನಾನೇ ಒಂದು ಎಲೆಯಾಗಿ ನಿಮ್ಮ ಪಾದದ ಬಳಿ ಬೀಳುತ್ತೇನೆ. ಮೂರನ್ನೂ ಸೋತರೆ ನೀವು ನನ್ನ ಎಲೆ!"

ಎಲೆಯಾಟಕ್ಕೆ ಕರೆದರೆ ನೇಸರಗಿರಿಯವರು ಒಲ್ಲೆ ಅನ್ನುತ್ತಾರೆಯೇ? ರಾಜ ಆನೆ, ಕುದುರೆ, ಪರಿವಾರದ ಸಮೇತ ಹೋದ. ನಗಾರಿ ಬಾರಿಸುವ ಡೊಳ್ಳಪ್ಪ ಹೋದ. ನಾಗಲಾಂಬೆ ಹೊಸ ಸೀರೆ ಉಟ್ಟುಕೊಂಡು ಹೋದಳು. ಎಲ್ಲರೂ ಮರ್ಯಾದೆಯಿಂದ ಬೂದಿ ತಿಕ್ಕಿಕೊಂಡೇ ಆಡಿದರು. ಒಬ್ಬರೂ ಹಿಂತಿರುಗಲಿಲ್ಲ.

ಕೊನೆಗೆ ತಾರಕಿ ಎದ್ದಳು. "ಸಂಜೆಗೆ ಬಂದುಬಿಡುತ್ತೇನೆ, ಅನ್ನಕ್ಕಿಟ್ಟಿರು," ಎಂದಳು.

ಅನ್ನ ಬೆಂದಿತು, ಆರಿತು. ಅಕ್ಕ ಬರಲಿಲ್ಲ. ಮುಗುಳಿ ಕೈಗಳನ್ನು ಲಂಗಕ್ಕೆ ಒರೆಸಿಕೊಂಡು ಬಾಗಿಲು ಮುಂದೆ ಮಾಡಿ ಹೊರಟಳು.

ಕೋಟೆಯ ಮೊದಲ ಬಾಗಿಲಲ್ಲಿ ತಾಮ್ರದ ಕೊಂಬಿನ ಟಗರು ನಿಂತಿತ್ತು. ಆನೆಯಷ್ಟು ಎತ್ತರ.

"ಯಾರದು? ಒಂದು ಗುದ್ದು ಕೊಟ್ಟೆ ಅಂದರೆ ಗುಡ್ಡದಾಚೆ ಬೀಳುತ್ತೀಯ!" ಎಂದು ತಲೆ ತಗ್ಗಿಸಿತು.

ಮುಗುಳಿ ಹೆದರಿ ಎರಡು ಕೈಯನ್ನೂ ಮುಂದೆ ಚಾಚಿದಳು. ಟಗರು ಮೂಸಿತು. ಮತ್ತೊಮ್ಮೆ ಮೂಸಿತು. ಆಮೇಲೆ ಉದ್ದನೆಯ ಒರಟು ನಾಲಿಗೆಯಿಂದ ಅವಳ ಅಂಗೈ ನೆಕ್ಕಿತು.

"ಉಪ್ಪು!" ಎಂದಿತು ಟಗರು. ಅದರ ಕಣ್ಣಲ್ಲಿ ನೀರೇ ಬಂತು. "ಈ ಒಣಮೂತಿಯವನು ನನ್ನನ್ನಿಲ್ಲಿ ನಿಲ್ಲಿಸಿದಾಗಿನಿಂದ ಒಂದು ಹರಳು ಉಪ್ಪು ಕಂಡಿಲ್ಲ ತಾಯಿ. ಆ ಕೈಯನ್ನೂ ಕೊಡು."

"ಹೇಸಿಗೆ ಆಗಲ್ವಾ?"

"ಯಾತಕ್ಕೆ?" ಎಂದು ಟಗರು ಬೆರಳ ಸಂದಿಯನ್ನೂ ಬಿಡದೆ ನೆಕ್ಕಿ, ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಕೆಂಪು ಚಿಟ್ಟೆಗಳ ಹಿಂಡು. ಅವು ಮೈಮೇಲೆ ಕೂತರೆ ಮನುಷ್ಯರಿಗೆ ತಮ್ಮ ಹೆಸರೇ ಮರೆತುಹೋಗುತ್ತಿತ್ತು. ಮುಗುಳಿ ಮುಖ ಮುಚ್ಚಿಕೊಳ್ಳಲು ಕೈ ಎತ್ತಿದ್ದೇ ತಡ, ಹಿಂಡಿಗೆ ಹಿಂಡೇ ಬಂದು ಅಂಗೈಯ ಮೇಲೆ ಇಳಿಯಿತು. ಸಣ್ಣ ಸಣ್ಣ ಸೊಂಡಿಲು ಚಾಚಿ ಬೆವರು ಹೀರಿತು. ಹೊಟ್ಟೆ ತುಂಬಿದ ಚಿಟ್ಟೆಗಳು ರೆಕ್ಕೆ ಮಡಿಚಿ ನಿದ್ದೆ ಹೋದವು. ಮುಗುಳಿ ಅವನ್ನು ಒಂದೊಂದಾಗಿ ಬಾಗಿಲವಾಡದ ಮೇಲೆ ಮಲಗಿಸಿ ಒಳಗೆ ನಡೆದಳು.

ಮೂರನೆಯ ಬಾಗಿಲಾಚೆ ಶುಷ್ಕಕೇತು ಕೂತಿದ್ದ. ಅವನ ಮೈ ಹಪ್ಪಳದಂತೆ ಒಣಗಿತ್ತು. ನಕ್ಕರೆ ಕೆನ್ನೆ ಚಟಚಟ ಎನ್ನುತ್ತಿತ್ತು. ಪಕ್ಕದಲ್ಲಿ ಎಲೆಗಳ ರಾಶಿ.

"ನನ್ನ ಅಕ್ಕ ಎಲ್ಲಿ?" ಎಂದಳು ಮುಗುಳಿ. ಅಷ್ಟು ಗಟ್ಟಿಯಾಗಿ ಅವಳು ಎಂದೂ ಮಾತಾಡಿರಲಿಲ್ಲ.

"ರಾಶಿಯಲ್ಲಿದ್ದಾಳೆ. ಗೆದ್ದು ಕರಕೊಂಡು ಹೋಗು. ಮೊದಲು ಬೂದಿ ಹಚ್ಚಿಕೋ."

ಅವಳು ಬೂದಿ ಹಚ್ಚಿಕೊಂಡಳು, ಕೆಸರಾಯಿತು. ಮತ್ತೆ ಹಚ್ಚಿಕೊಂಡಳು, ಮತ್ತೆ ಕೆಸರು. ಬಟ್ಟಲು ಬರಿದಾಯಿತು.

"ಇದೇನೇ ಇದು, ಅಂಗೈಯೋ ಒರತೆಯೋ?" ಶುಷ್ಕಕೇತು ಮೂಗು ಮುರಿದ. ಹಿಂದಕ್ಕೆ ಕಳಿಸಲೇ ಎಂದು ಒಂದು ಗಳಿಗೆ ಯೋಚಿಸಿದ. ಆದರೆ ಆಟದ ಚಪಲ ಬಿಡಬೇಕಲ್ಲ? ಇಷ್ಟು ಬೆವರುವವಳು ಹೆದರುಪುಕ್ಕಲಿಯೇ ಸರಿ ಎಂದುಕೊಂಡು ಎಲೆ ಹಂಚಿದ.

ಮೊದಲ ಆಟ. ಮುಗುಳಿಯ ಕೈಯಲ್ಲಿನ ಎಲೆಗಳಲ್ಲಿ ಊರಿನವರದೇ ಮುಖಗಳು, ಎಲ್ಲರ ತುಟಿಯೂ ಬಿರುಕು ಬಿಟ್ಟಿತ್ತು. ಒಂದೆಲೆ ಹಾಕಲು ಹೋದರೆ ಎರಡು ಅಂಟಿಕೊಂಡು ಬಿದ್ದವು. "ಜೋಡಿ ಎಲೆ! ಎರಡನ್ನೂ ವಾಪಸ್ ತಗೋ!" ಎಂದು ಮಾಂತ್ರಿಕ ಕೇಕೆ ಹಾಕಿದ. ಅವಳು ಸೋತಳು. ಕಾಲಿನಿಂದ ಸೊಂಟದವರೆಗೆ ಅವಳ ಮೈ, ಲಂಗವೂ ಸೇರಿ, ಬಣ್ಣದ ಚಿತ್ರವಾಯಿತು.

ಎರಡನೆಯ ಆಟ. ಮುಗುಳಿ ಅಭ್ಯಾಸದಂತೆ ಕೈ ಒರೆಸಿಕೊಳ್ಳಲು ಹೋದಳು. ಲಂಗವೆಲ್ಲಿದೆ? ಚಿತ್ರಕ್ಕೆ ಕೈ ಒರೆಸಲಾದೀತೇ? ಬೆವರು ಅಂಗೈಯಲ್ಲೇ ಉಳಿಯಿತು. ಆಗ ಅವಳಿಗೆ ಎರಡು ಸಂಗತಿ ಕಂಡವು. ಕಂಬಕ್ಕೆ ಒರಗಿ ವರ್ಷಗಟ್ಟಲೆ ಆಟ ನೋಡಿದ ಕಣ್ಣು ಅದು, ಸುಮ್ಮನೆ ಬಿಟ್ಟೀತೇ? ಶುಷ್ಕಕೇತು ಎಡಗಣ್ಣು ಮಿಟುಕಿಸಿದಾಗಲೆಲ್ಲ ರಾಶಿಯಿಂದ ಒಂದೆಲೆ ಮಾಯವಾಗಿ ಅವಳ ಕೈಗೆ ಬಂದು ಸೇರುತ್ತಿತ್ತು. ಎಷ್ಟು ಎಲೆ ಹಾಕಿದರೂ ಕೈ ಖಾಲಿಯಾಗದಿದ್ದುದು ಅದಕ್ಕೇ! ಎಂಥ ಆಟಗಾರರೂ ಸೋತದ್ದು ಅದಕ್ಕೇ! ಇನ್ನೊಂದು ಸಂಗತಿ: ಅವಳ ಹೆಬ್ಬೆರಳಿನ ಕೆಳಗೆ ಒದ್ದೆಯಾದ ಎಲೆಯಲ್ಲಿ ಡೊಳ್ಳಪ್ಪನ ಬೆರಳು, ತುಸುವೇ ತುಸು, ಟಕ್ ಟಕ್ ಎಂದಿತು.

ಅಷ್ಟರಲ್ಲಿ ಎರಡನೆಯ ಆಟವೂ ಮುಗಿಯಿತು. ಬಣ್ಣ ಎದೆಯವರೆಗೆ ಏರಿತು. ಇನ್ನು ಉಳಿದದ್ದು ತಲೆ ಮತ್ತು ಎರಡು ಕೈ.

ಮೂರನೆಯ ಆಟ. ಮುಗುಳಿ ಎಲೆಗಳನ್ನು ತುದಿಬೆರಳಲ್ಲಿ ಹಿಡಿಯಲಿಲ್ಲ. ಎರಡು ಅಂಗೈಯ ನಡುವೆ ಇಟ್ಟು, ಹಕ್ಕಿಮರಿಯನ್ನು ಹಿಡಿದಂತೆ ಮೆಲ್ಲಗೆ ಒತ್ತಿದಳು.

"ಹಾಕೇ ಎಲೆ! ಏನು ಜಪ ಮಾಡ್ತಿದ್ದೀಯ?"

"ಇರಿ ಅಜ್ಜ, ಬೆವರಲಿ."

ಬೆರಳ ಸಂದಿಯಿಂದ ಒಂದು ತಲೆ ಹೊರಬಂತು. ಆಮೇಲೆ ನಗಾರಿ. ಆಮೇಲೆ ಡೊಳ್ಳಪ್ಪ ಪೂರ್ತಿ ಹೊರಗೆ ಧುಮುಕಿ ನೆಲದ ಮೇಲೆ ಬೆಳೆದು ನಿಂತ. "ಅಬ್ಬಬ್ಬಾ, ಗಂಟಲು ಒಣಗಿಹೋಗಿತ್ತಲ್ರಪ್ಪಾ!" ಎಂದ. ಅವನ ಹಿಂದೆ ಒಬ್ಬ ದರ್ಜಿ, ಅವನ ಹಿಂದೆ ಒಂದು ಕುದುರೆ.

ಶುಷ್ಕಕೇತು ಗಾಬರಿಯಾದ. ಎಡಗಣ್ಣು ಮಿಟುಕಿಸಿದ. ಒಂದೆಲೆ ಬಂದು ಅವಳ ಕೈ ಸೇರಿತು. ಅದರಿಂದ ಸ್ವತಃ ರಾಜ ಸೀನುತ್ತಾ ಹೊರಬಂದ. ಮತ್ತೆ ಮಿಟುಕಿಸಿದ, ನಾಗಲಾಂಬೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಾ ಇಳಿದಳು. ಮಿಟುಕಿಸಿದ, ಮಿಟುಕಿಸಿದ, ಕಣ್ಣು ಕೆಂಪಾಗುವಷ್ಟು ಮಿಟುಕಿಸಿದ. ಅವಳ ಕೈ ತುಂಬಿಸಲು ಹೊರಟವನು ತನ್ನ ರಾಶಿಯನ್ನೇ ಕರಗಿಸುತ್ತಿದ್ದ. ಆನೆ ಬಂತು, ಅಂಬಾರಿ ಬಂತು, ಅಡುಗೆಭಟ್ಟರು ಸೌಟು ಸಮೇತ ಬಂದರು.

ರಾಶಿಯ ತಳದಲ್ಲಿ ಒಂದೇ ಎಲೆ ಉಳಿಯಿತು. ಮಾಂತ್ರಿಕ ಎಡಗಣ್ಣನ್ನು ಕೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡ. ಆದರೆ ಅಷ್ಟು ಹೊತ್ತು ಮಿಟುಕಿಸಿದ ರೆಪ್ಪೆ ಸುಮ್ಮನಿದ್ದೀತೇ? ಕೈಯ ಕೆಳಗೇ ಅದು ಪಟಪಟ ಬಡಿಯಿತು. ಕೊನೆಯ ಎಲೆ ಹಾರಿ ಬಂದು ಅವಳ ಅಂಗೈಯಲ್ಲಿ ಕೂತಿತು.

ಅವಳು ಒತ್ತಿ ಹಿಡಿದಳು. ಕಣ್ಣು ಮುಚ್ಚಿದಳು. ಒಂದು ಕೆನ್ನೆ ಅವಳ ಅಂಗೈಗೆ ತಾಗಿತು.

"ಆಹಾ, ತಂಪು!" ಎಂದಳು ತಾರಕಿ. "ಎಷ್ಟು ಹೊತ್ತು ಮಾಡಿದ್ಯೇ? ಅನ್ನ ಆರಿಹೋಗಿರುತ್ತೆ."

ಮುಗುಳಿ ಎರಡು ಕೈಯನ್ನೂ ಮೇಲೆತ್ತಿ ತೋರಿಸಿದಳು. "ನನ್ನ ಕೈ ಖಾಲಿ, ಅಜ್ಜ."

"ಮೋಸ! ಇದು ಮೋಸ!" ಎಂದು ಶುಷ್ಕಕೇತು ಕುಣಿದಾಡಿದ. ಆದರೆ ಕೋಟೆಯ ಮೇಲಿಂದ ಅವನೇ ಕೂಗಿ ಹೇಳಿದ ಮಾತು ಅವನನ್ನು ಬಿಡಲಿಲ್ಲ. ಚಟ್ ಎಂದು ಚಪ್ಪಟೆಯಾಗಿ, ದುಂಡಗಾಗಿ, ಒಂದು ಎಲೆಯಾಗಿ ಮುಗುಳಿಯ ಪಾದದ ಬಳಿ ಬಿದ್ದ. ಅವಳ ಮೈಯ ಬಣ್ಣ ಜಾರಿಹೋಯಿತು. ಕೋಟೆಯ ಸುಣ್ಣ ಉದುರಿ ಗುಡ್ಡದ ತುಂಬ ಹಸಿರು ಚಿಗುರಿತು. ಟಗರು ಕುಣಿಯುತ್ತಾ ಬಂದಿತು.

ರಾಜ ಮುಂದೆ ಬಂದು ಅಂಗೈ ಚಾಚಿದ. ಮುಗುಳಿ ಒರೆಸಿಕೊಳ್ಳದೆಯೇ ಕೈ ಕೊಟ್ಟಳು. ಹಿಂದೆ ಸಾಲುಗಟ್ಟಿ ಊರೇ ನಿಂತಿತ್ತು. "ನನ್ನನ್ನು ಮುಂದೆ ಬಿಡ್ರೋ, ನಾನು ಪಕ್ಕದ ಮನೆಯವಳು!" ಎಂದು ನಾಗಲಾಂಬೆ ಎಲ್ಲರನ್ನೂ ತಳ್ಳುತ್ತಿದ್ದಳು. ಡೊಳ್ಳಪ್ಪ ನಗಾರಿ ಬಾರಿಸಿದ. ಅಡುಗೆಭಟ್ಟರು ಅಲ್ಲೇ ಮೂರು ಕಲ್ಲಿಟ್ಟು ಪಾಯಸಕ್ಕೆ ಹಾಲು ಕಾಯಿಸಿದರು. ಆ ದಿನ ಶುರುವಾದ ನಗು ನೇಸರಗಿರಿಯಲ್ಲಿ ಎಷ್ಟೋ ತಲೆಮಾರು ನಿಲ್ಲಲಿಲ್ಲವಂತೆ.

ಪಾಯಸದ ಪಾತ್ರೆಗೆ ಒರಗಿಸಿಟ್ಟಿದ್ದ ಎಲೆಯೊಳಗಿಂದ ಮಾತ್ರ ಒಣ ದನಿಯೊಂದು ಕೇಳುತ್ತಲೇ ಇತ್ತು.

"ಮಗಳೇ, ಬಾಯಾರಿ ಸಾಯ್ತಿದ್ದೀನಿ. ಒಂದು ಸಲ, ಒಂದೇ ಒಂದು ಸಲ, ನಿನ್ನ ಕೈ ಇತ್ತ ಕೊಡ್ತೀಯಾ?"