ಅವನ ಬಲಗಡೆಯ ಕತ್ತಲೆ

"ಸರಿ ಅಲ್ಲಿಂದ! ಸರಿ ಅಂದ್ರೆ ಕೇಳ್ಸಲ್ವಾ ನಿಂಗೆ?"

ಯಾರೋ ತೋಳು ಹಿಡಿದು ಎಳೆದ ರಭಸಕ್ಕೆ ಆಡ್ರಾ ಮುಗ್ಗರಿಸಿದಳು. ಕ್ಯಾಮೆರಾವನ್ನು ಎದೆಗವಚಿಕೊಂಡು ತಿರುಗಿದರೆ, ಈಗಷ್ಟೇ ರೇಸ್ ಮುಗಿಸಿ ಕಾರಿನಿಂದ ಇಳಿದ ಚಾಲಕ! ಕುತ್ತಿಗೆಯವರೆಗೂ ಕೆಸರು. ಕಣ್ಣಲ್ಲಿ ಕೋಪ... ಅದರ ಹಿಂದೆ ಇನ್ನೇನೋ ಇತ್ತು. ಭಯವಾ?

"ನಿನ್ನಿಂದ ಇವತ್ತು ಗೋಡೆಗೆ ಹೋಗಿ ಗುದ್ತಿದ್ದೆ!"

"ನಾನು... ಬರೀ ಫೋಟೋ..."

"ಫೋಟೋ! ಹಿಂದೆ ನಮ್ಮ ಮಾವ ನಿಂತಿದ್ದು ಕಾಣ್ಲಿಲ್ವಾ? ಸರಿಯಾಗಿ ಅವನ ಮುಂದೇನೇ ಬಂದು ಕಂಬದ ಥರ ನಿಂತಿದ್ದೀಯಲ್ಲ!"

ಹಿಂದೆ ನಿಜಕ್ಕೂ ಒಬ್ಬ ಮುದುಕ ನಿಂತಿದ್ದ. ಎರಡೂ ಕೈಯಲ್ಲಿ ತುದಿಗೆ ಕಿತ್ತಳೆ ಬಣ್ಣ ಬಳಿದ ಉದ್ದನೆಯ ಕೋಲುಗಳು.

"ಬಿಡೋ ವೇಡ್. ಹೊಸಬಳು ಪಾಪ," ಎಂದ ಮುದುಕ.

ಇಂಜಿನ್‌ಗಳ ಆರ್ಭಟದಲ್ಲಿ ಯಾರ ಮಾತೂ ಯಾರಿಗೂ ಕೇಳದ ಜಾಗ ಅದು. ಟ್ರ್ಯಾಕ್ ಸುತ್ತುವರಿದ ಮೈದಾನದ ನಡುವೆ ನಿಂತ ಮನೆಯವರು ಕೋಲು ಎತ್ತಿ, ಇಳಿಸಿ, ಹಿಂದಿನ ಕಾರು ಎಷ್ಟು ಹತ್ತಿರ ಬಂತು ಎಂದು ತಮ್ಮ ಚಾಲಕನಿಗೆ ಹೇಳುತ್ತಾರೆ. ಆಡ್ರಾಗೆ ಅದು ಗೊತ್ತಿತ್ತು. ಗೊತ್ತಿದ್ದೂ ಮರೆತಿದ್ದಳು. ಕ್ಯಾಮೆರಾ ಕಣ್ಣಿಗೆ ಹಿಡಿದರೆ ಅವಳಿಗೆ ಪ್ರಪಂಚವೇ ಮರೆತುಹೋಗುತ್ತಿತ್ತು.

"ಹೆದರ್ಬೇಡ ಕಣಮ್ಮ," ಪಕ್ಕದ ಕಾರಿನ ದಪ್ಪನೆಯ ಚಾಲಕ ನಗುತ್ತಾ ಬಂದ. "ಇವನು ಗೆದ್ದ ದಿನ ಕೂಗಾಡ್ತಾನೆ, ಸೋತ ದಿನ ಮುಖ ಊದಿಸ್ಕೊಂಡು ಕೂರ್ತಾನೆ. ನಾನು ಕರ್ಟ್ ಪಾಲ್ಸನ್. ಹಂದಿ ಸಾಕ್ತೀನಿ, ಕಾರು ಒಡೀತೀನಿ. ನಂದೊಂದು ಫೋಟೋ ತೆಗಿ. ಹೊಟ್ಟೆ ಮಾತ್ರ ಬೇಡ!"

"ಹೊಟ್ಟೆ ಬಿಟ್ರೆ ಉಳಿಯೋದೇನ್ರೀ?" ಎಂದಳು ಅವನ ಹೆಂಡತಿ ಡೆನೀಸ್.

ಎಲ್ಲರೂ ನಕ್ಕರು. ವೇಡ್ ಹ್ರುಸ್ಕಾ ಮಾತ್ರ ನಗಲಿಲ್ಲ.

'ಎಂಥ ಒರಟ!' ಎಂದುಕೊಂಡಳು ಆಡ್ರಾ. ತೋಳು ಇನ್ನೂ ಉರಿಯುತ್ತಿತ್ತು. ಮುಂದಿನ ಊರಿಗೆ ಹೋಗುವ ದಾರಿಯುದ್ದಕ್ಕೂ ಅವನ ಕಣ್ಣೇ ನೆನಪಿಗೆ ಬರುತ್ತಿತ್ತು... ಯಾಕೆ?

ನೆಬ್ರಾಸ್ಕಾದ ಸಣ್ಣ ಊರುಗಳಲ್ಲಿ ಆ ವಾರವೆಲ್ಲ ದಿನಕ್ಕೊಂದು ಮಣ್ಣಿನ ಟ್ರ್ಯಾಕ್. ಅದೇ ಕಾರುಗಳು, ಅದೇ ಜನ, ಅದೇ ಧೂಳು. ಲಿಂಕನ್‌ನ ಪತ್ರಿಕೆಯೊಂದಕ್ಕೆ ವಾರದ ಚಿತ್ರಗಳನ್ನು ಕೊಡಬೇಕಿದ್ದ ಆಡ್ರಾ ಲಿಂಡ್‌ಕ್ವಿಸ್ಟ್ ಅವರ ಹಿಂದೆಯೇ ಮೆಕ್ಕೆಜೋಳದ ಹೊಲಗಳ ನಡುವೆ ಕಾರು ಓಡಿಸುತ್ತಿದ್ದಳು.

ಮಂಗಳವಾರ ಅವನೇ ಬಂದ. ಕೈಯಲ್ಲಿ ಕಾಗದ ಸುತ್ತಿದ ಸ್ಯಾಂಡ್‌ವಿಚ್.

"ಹಂದಿ ಮಾಂಸದ್ದು. ಕರ್ಟ್‌ದಲ್ಲ, ಅಂಗಡೀದು... ನಿನ್ನೆ ಕೈ ಹಿಡಿದೆಳೆದೆ. ತಪ್ಪಾಯ್ತು."

"ಪರವಾಗಿಲ್ಲ," ಎಂದಳು. ಇನ್ನೂ ಏನಾದರೂ ಹೇಳಬೇಕೆನಿಸಿತು. ಮಾತು ಬರಲಿಲ್ಲ. ಅಪರಿಚಿತರ ಮುಂದೆ ಅವಳಿಗೆ ಯಾವತ್ತೂ ಹಾಗೆಯೇ.

"ನೀನು ಮಾತೇ ಆಡಲ್ವಾ?"

"ಆಡ್ತೀನಿ... ನಿಧಾನಕ್ಕೆ."

ಅವನು ಮೊದಲ ಸಲ ನಕ್ಕ. ಅಯ್ಯೋ, ಆ ನಗು! ಅವಳ ಎದೆಯಲ್ಲಿ ಏನೋ ಸಡಿಲವಾಯಿತು.

ಬುಧವಾರ ಮೋಟೆಲ್‌ನಲ್ಲಿ ಕೂತು ಅಷ್ಟೂ ಚಿತ್ರಗಳನ್ನು ನೋಡುವಾಗ ಅವಳ ಬೆರಳು ನಿಂತಿತು. ಉಳಿದ ಚಾಲಕರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡುತ್ತಿದ್ದರು. ವೇಡ್‌ನ ಹೆಲ್ಮೆಟ್ ಮಾತ್ರ ಪ್ರತಿ ಚಿತ್ರದಲ್ಲೂ ಎಡಕ್ಕೇ ತಿರುಗಿತ್ತು. ಮೈದಾನದ ಕಡೆಗೆ. ಮಾವನ ಕೋಲುಗಳ ಕಡೆಗೆ.

ಬಲಗಡೆ ಕಾರು ಅಂಟಿಕೊಂಡು ಬಂದಾಗಲೂ!

'ಇಲ್ಲ, ಹಾಗಿರಲ್ಲ...' ಎಂದುಕೊಂಡು ದೀಪ ಆರಿಸಿದಳು. ನಿದ್ದೆ ಬರಲಿಲ್ಲ.

ಗುರುವಾರ ಮಧ್ಯಾಹ್ನ ವೇಡ್ ಕಾರಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತಿದ್ದ. ಆಡ್ರಾ ಕಾಫಿ ಹಿಡಿದು ಬೇಕೆಂದೇ ಅವನ ಬಲಗಡೆಯಿಂದ ಬಂದು ನಿಂತಳು. ಲೋಟವನ್ನು ಅವನ ಕೆನ್ನೆಯ ಹತ್ತಿರಕ್ಕೇ ಒಯ್ದಳು. ಅವನು ಕಣ್ಣು ಮಿಟುಕಿಸಲಿಲ್ಲ. ಏಳಲು ಹೋದವನ ಭುಜ ತಾಗಿ ಕಾಫಿ ಚೆಲ್ಲಿತು.

"ಅಯ್ಯೋ! ಯಾವಾಗ ಬಂದೆ ನೀನು?"

"ಆಗ್ಲಿಂದ ಇಲ್ಲೇ ಇದ್ದೀನಿ, ವೇಡ್."

ಅವನ ಮುಖ ಬಿಳಿಚಿಕೊಂಡಿತು.

"ಯಾವತ್ತಿನಿಂದ?" ಎಂದು ಕೇಳಿದಳು ಮೆಲ್ಲಗೆ.

ಅವನು ಒಂದು ಬಟ್ಟೆ ಎಳೆದುಕೊಂಡ. ಕೈ ಒರೆಸಿಕೊಂಡ. "ಹೋದ ವರ್ಷ. ಮುಂದಿನ ಕಾರಿನ ಚಕ್ರದಿಂದ ಮಣ್ಣಿನ ಹೆಂಟೆ ಹಾರಿ ಬಂತು. ನಮ್ಮ ಕಾರಿಗೆ ಮುಂದೆ ಗಾಜಿಲ್ವಲ್ಲ, ಸರಳು ಅಷ್ಟೇ. ಹೆಲ್ಮೆಟ್ ಗಾಜು ಸೀಳ್ಕೊಂಡು ಒಳಗೆ ಬಂತು... ನೋಡೋಕೆ ಕಣ್ಣು ಚೆನ್ನಾಗೇ ಇದೆ. ಒಳಗೆ ಬರೀ ಕತ್ತಲೆ."

"ಮತ್ತೆ ರೇಸ್ ಹೇಗೆ..."

"ಮಾವ ಇದ್ದಾನೆ. ಬಲಗಡೆ ಯಾರಾದ್ರೂ ಬಂದ್ರೆ ಕೋಲು ಎತ್ತಿ ಹಿಡೀತಾನೆ. ಇಳಿಸಿದ್ರೆ ದಾರಿ ಖಾಲಿ ಅಂತ. ಅವನ ಕೋಲೇ ನನ್ನ ಕಣ್ಣು."

ಸೋಮವಾರದ ಅವನ ಕೋಪ ಅವಳಿಗೆ ಆಗ ಅರ್ಥವಾಯಿತು. ಅವಳು ಅಂದು ಅಡ್ಡ ನಿಂತದ್ದು ಅವನ ಕಣ್ಣಿಗೇ!

"ಹೇಳ್ತೀಯಾ ಅವರಿಗೆಲ್ಲ?" ಎಂದ ಅವನು. "ಹೇಳಿದ್ರೆ ಲೈಸೆನ್ಸ್ ಹೋಗುತ್ತೆ. ಕಾರಲ್ಲಿ ಕೂತಾಗ ಮಾತ್ರ ಆಡ್ರಾ, ನಾನು ಅರ್ಧ ಮನುಷ್ಯ ಅನ್ಸಲ್ಲ ನನಗೆ."

ಹೇಳಬೇಕಿತ್ತು. ಅವತ್ತೇ, ಆ ಕ್ಷಣವೇ ಹೇಳಬೇಕಿತ್ತು.

ಅವಳು ಅವನ ಒದ್ದೆ ಭುಜದ ಮೇಲೆ ಕೈಯಿಟ್ಟಳು. "ಹೇಳಲ್ಲ," ಎಂದಳು.

ಶುಕ್ರವಾರದ ರೇಸಿನಲ್ಲಿ ವೇಡ್ ಕೂದಲೆಳೆಯಲ್ಲಿ ಬಚಾವಾದ. ಬಲಗಡೆಯಿಂದ ಎರಡು ಕಾರು ಒಟ್ಟಿಗೆ ನುಗ್ಗಿದ್ದವು. ಮಾವ ಆರ್ಲೋ ಕೋಲು ಎತ್ತುವುದು ಒಂದು ಗಳಿಗೆ ತಡವಾಗಿತ್ತು.

ರೇಸ್ ಮುಗಿದ ಮೇಲೆ ಮುದುಕ ಕೋಲುಗಳನ್ನು ಟ್ರಕ್ಕಿನೊಳಗೆ ಎಸೆದ.

"ಸಾಕು ಕಣೋ. ಇನ್ನು ನಾನು ಹಿಡಿಯಲ್ಲ."

"ಮಾವಾ, ನಾಳೆ ಒಂದೇ..."

"ನಾಳೆ ಅಂತೆ! ನಿಮ್ಮಮ್ಮ ಸಾಯೋವಾಗ ನಿನ್ನನ್ನ ನನ್ನ ಕೈಗಿಟ್ಟು ಹೋದ್ಲು. ಸ್ವರ್ಗದಲ್ಲಿ ಸಿಕ್ಕಿ ಕೇಳಿದ್ರೆ ಏನಂತ ಹೇಳ್ಲಿ? ಕುರುಡನ್ನ ಗಾಡಿ ಹತ್ತಿಸಿ ಕೋಲು ಆಡಿಸ್ತಿದ್ದೆ ಅಂತಲಾ?"

ಅವನು ಹಿಂತಿರುಗಿ ನೋಡದೆ ಹೊರಟುಹೋದ.

ಶನಿವಾರ ಮಧ್ಯಾಹ್ನ ವೇಡ್ ಅವಳೆದುರು ನಿಂತಿದ್ದ. ಕೈಯಲ್ಲಿ ಆ ಕೋಲುಗಳು.

"ಇವತ್ತೊಂದೇ ದಿನ. ಇವತ್ತು ಗೆದ್ದರೆ ಈ ಸಲದ ಕಪ್ ನಂದು. ಆಮೇಲೆ ಬಿಟ್ಬಿಡ್ತೀನಿ."

"ಬೇಡ ವೇಡ್. ದಮ್ಮಯ್ಯ..."

"ನೀನು ಹಿಡೀದಿದ್ರೂ ಹೋಗ್ತೀನಿ."

ಹೋಗಿಯೇ ಹೋಗುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಕತ್ತಲೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಬ್ಬನೇ!

ಅವಳು ಕೈಚಾಚಿದಳು.

ಅವನು ಒಮ್ಮೆ ಅವಳ ಬೆರಳುಗಳನ್ನು ಒತ್ತಿ ಹಿಡಿದ. "ನಿನ್ನ ಮೇಲೆ ನಂಬಿಕೆ ಇದೆ," ಎಂದ.

ಆ ಸಂಜೆ ಸೂರ್ಯ ಹೊಲಗಳ ಅಂಚಿಗೆ ಇಳಿದಿದ್ದ. ಮೇಲೆದ್ದ ಧೂಳೆಲ್ಲ ಬಂಗಾರವಾಗಿತ್ತು. ಆಡ್ರಾ ಮೈದಾನದ ನಡುವೆ ನಿಂತು ಸುತ್ತು ಎಣಿಸದೆ, ಉಸಿರಾಡದೆ, ಅವನ ಬಲಗಡೆಯನ್ನೇ ನೋಡುತ್ತಿದ್ದಳು. ಎತ್ತು. ಇಳಿಸು. ಎತ್ತು. ಅವನು ಮುಂದಿದ್ದ. ಕ್ಯಾಮೆರಾ ಕುತ್ತಿಗೆಯಲ್ಲಿ ಸುಮ್ಮನೆ ತೂಗುತ್ತಿತ್ತು.

ಇನ್ನೇನು ಮುಗಿಯಬೇಕು...

ಆಗ ಅವನ ಕಾರು ತಿರುವಿನಲ್ಲಿ ಅಡ್ಡಡ್ಡ ಜಾರಿತು. ಮುಂದಿನ ಚಕ್ರ ನೆಲ ಬಿಟ್ಟು ಮೇಲೆದ್ದಿತು. ಹಿಂದೆ ಬಂಗಾರದ ಗೋಡೆಯಂತೆ ಧೂಳು, ಅದರೊಳಗೆ ಸೂರ್ಯ!

ಅವಳು ಯೋಚಿಸಲಿಲ್ಲ. ಕೋಲುಗಳು ಕೆಳಗಿಳಿದವು. ಕ್ಯಾಮೆರಾ ಕಣ್ಣಿಗೆ ಏರಿತು.

ಒಂದೇ ಒಂದು ಚಿತ್ರ.

ಆ ಚೌಕಟ್ಟಿನ ಅಂಚಿನಲ್ಲಿ, ವೇಡ್‌ನ ಬಲಗಡೆ, ಇನ್ನೊಂದು ಕಾರಿನ ಮೂತಿ ಕಾಣಿಸಿತು. ಕರ್ಟ್!

ಕೋಲು ಇಳಿದಿದೆ. ದಾರಿ ಖಾಲಿ. ವೇಡ್ ಬಲಕ್ಕೆ ಬಂದ.

"ವೇಡ್! ಬೇಡಾ...!"

ಅವಳ ಕೂಗು ಅವಳಿಗೇ ಕೇಳಲಿಲ್ಲ. ಕರ್ಟ್‌ನ ಕಾರು ಗೋಡೆ ಹತ್ತಿತು. ಉರುಳಿತು. ಮತ್ತೆ ಉರುಳಿತು. ಚಕ್ರಗಳು ಆಕಾಶಕ್ಕೆ ತಿರುಗಿ ನಿಂತವು.

ಕೆಂಪು ಬಾವುಟ. ಇಂಜಿನ್‌ಗಳೆಲ್ಲ ಒಂದೊಂದಾಗಿ ನಿಂತವು.

ಚಾಲಕನಿಗೆ ಪ್ರಜ್ಞೆ ಇದ್ದರೆ ಮೊದಲು ಮಾಡುವ ಕೆಲಸ ಕಿಟಕಿಯ ಬಲೆಯನ್ನು ಕೆಳಗೆ ಬಿಡುವುದು. 'ಬದುಕಿದ್ದೀನಿ' ಎಂದು ಹೇಳುವ ರೀತಿ ಅದು. ಜನರೆಲ್ಲ ಎದ್ದು ನಿಂತು ಆ ಬಲೆಯನ್ನೇ ನೋಡಿದರು.

'ಬೀಳಲಿ... ದೇವರೇ, ಬಲೆ ಬೀಳಲಿ...'

ಬಲೆ ಬೀಳಲಿಲ್ಲ.

ಡೆನೀಸ್ ಬೇಲಿ ಹಾರಿ ಓಡುತ್ತಿದ್ದಳು. ಯಾರೂ ಅವಳನ್ನು ತಡೆಯಲಿಲ್ಲ.

ಕರ್ಟ್‌ನನ್ನು ಒಯ್ಯಲು ಹೆಲಿಕಾಪ್ಟರ್ ಕಿವಿಗಡಚಿಕ್ಕುವ ಸದ್ದಿನಲ್ಲಿ ಇಳಿಯಿತು. ವೇಡ್ ಅದರ ಕಡೆಯಿಂದ ನಡೆದು ಬರುತ್ತಿದ್ದ, ಹೆಲ್ಮೆಟ್ ಕೈಯಲ್ಲಿ ಹಿಡಿದು, ಸತ್ತವನಂತೆ. ಆಡ್ರಾ ಓಡಿಹೋದಳು. "ವೇಡ್!" ಎಂದು ಕೈಚಾಚಿದಳು.

ಅವನು ನಿಲ್ಲಲಿಲ್ಲ. ಒಂದು ಮೊಳದ ದೂರದಲ್ಲಿ, ಅವಳ ಕಡೆ ತಲೆ ಕೂಡ ತಿರುಗಿಸದೆ, ಅವಳನ್ನು ದಾಟಿ ಹೋದ.

ಚಾಚಿದ ಕೈ ಗಾಳಿಯಲ್ಲೇ ಉಳಿಯಿತು.

'ಸರಿ. ನನ್ನ ಮುಖ ನೋಡೋಕೂ ಅವನಿಗೆ ಇಷ್ಟವಿಲ್ಲ.' ಅವಳು ಅಳಲಿಲ್ಲ. ಅಳುವ ಹಕ್ಕೂ ತನಗಿಲ್ಲ ಅನಿಸಿತು. ಆ ಚಿತ್ರ ನೋಡಿದಳು. ಅಂಥ ಚಿತ್ರವನ್ನು ಅವಳು ಜೀವನದಲ್ಲಿ ತೆಗೆದಿರಲಿಲ್ಲ. ಅಷ್ಟು ಚೆನ್ನಾಗಿತ್ತು. ಕ್ಯಾಮೆರಾ ಆರಿಸಿ ಚೀಲದ ತಳಕ್ಕೆ ತಳ್ಳಿದಳು.

ಭಾನುವಾರ ಬೆಳಿಗ್ಗೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಡೆನೀಸ್ ಒಬ್ಬಳೇ ಕೂತಿದ್ದಳು. ನಿನ್ನೆಯ ಅಂಗಿಯಲ್ಲೇ.

"ಕರ್ಟ್..." ಎಂದಳು ಆಡ್ರಾ.

"ಉಳಿದಿದ್ದಾರೆ. ಬೆನ್ನುಮೂಳೆ ಹೋಗಿದೆ. ನಡೆಯೋದು ಕಷ್ಟ ಅಂದ್ರು."

"ನಿಮಗೊಂದು ವಿಷಯ ಹೇಳ್ಬೇಕು."

"ವೇಡ್ ಬಂದು ಎಲ್ಲಾ ಹೇಳಿದ. ಅಧಿಕಾರಿಗಳ ಮುಂದೆನೂ ಹೇಳಿದ್ದಾನೆ. ಒಂದು ಕಣ್ಣಿಲ್ಲದೆ ಓಡಿಸ್ತಿದ್ದೆ, ಮುಚ್ಚಿಟ್ಟಿದ್ದೆ ಅಂತ. ಇನ್ನು ಯಾವ ಟ್ರ್ಯಾಕೂ ಅವನನ್ನ ಸೇರಿಸಲ್ಲ."

"ನನ್ನ ಬಗ್ಗೆ...?"

"ನಿನ್ನ ಬಗ್ಗೆ ಏನು?"

ಅವನು ಹೇಳಿರಲಿಲ್ಲ! ಅಷ್ಟನ್ನೂ ತಾನೊಬ್ಬನೇ ಹೊತ್ತುಕೊಂಡಿದ್ದ! ಹಾಗಿದ್ದರೆ ನಿನ್ನೆ ಯಾಕೆ ಹಾಗೆ...

ಸುಮ್ಮನಿದ್ದು ಹೋಗಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಕೋಲು ಹಿಡಿದಿದ್ದವಳು ನಾನು," ಎಂದಳು. "ಅವನ ಕಣ್ಣಿನ ವಿಷಯ ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ನಿನ್ನೆ ಫೋಟೋ ತೆಗೆಯೋಕೆ ಕೋಲು ಕೆಳಗಿಳಿಸಿದೆ. ಆ ಒಂದು ಗಳಿಗೆ... ಕರ್ಟ್ ಬಂದಿದ್ದು ನೋಡ್ಲಿಲ್ಲ."

ಡೆನೀಸ್ ತಲೆಯೆತ್ತಿ ಅವಳನ್ನು ನೋಡಿದಳು.

"ನನ್ನಿಂದ ಏನ್ ಬೇಕು ನಿಂಗೆ? ಕ್ಷಮೆನಾ?"

"ಇಲ್ಲ..."

"ಒಳ್ಳೇದಾಯ್ತು. ನನ್ನ ಹತ್ರ ಅದಿಲ್ಲ." ಅವಳು ಮುಖ ತಿರುಗಿಸಿದಳು. "ನಿಮ್ಮಿಬ್ಬರ ಅಳು ನೀವೇ ಇಟ್ಕೊಳ್ಳಿ. ನಂಗೆ ನಂದೇ ಬೇಕಾದಷ್ಟಿದೆ. ಹೋಗು."

ಹೊರಗೆ ವಾಹನಗಳ ನಡುವೆ ವೇಡ್‌ನ ಟ್ರಕ್ ನಿಂತಿತ್ತು. ಹಿಂದಿನ ಹಲಗೆಯ ಮೇಲೆ ಅವನು ತಲೆ ತಗ್ಗಿಸಿ ಕೂತಿದ್ದ. ಆಡ್ರಾ ಅವನೆದುರು ಹೋಗಿ ನಿಂತಳು. ಅವನು ಬೆಚ್ಚಿ ತಲೆಯೆತ್ತಿದ.

"ನೀನು... ಹೋಗಿಲ್ವಾ? ಅಸಹ್ಯ ಪಟ್ಕೊಂಡು ರಾತ್ರಿನೇ ಊರು ಬಿಟ್ಟೆ ಅಂದ್ಕೊಂಡೆ."

"ನನ್ನ ತಪ್ಪು ಯಾಕೆ ತಗೊಂಡೆ ನೀನು?" ಅವಳು ಜೀವನದಲ್ಲೇ ಅಷ್ಟು ಜೋರಾಗಿ ಮಾತಾಡಿರಲಿಲ್ಲ. "ಯಾರು ಕೇಳಿದ್ರು? ನಾನು ಕೋಲು ಇಳಿಸಿದ್ದು ನೀನು ನೋಡಿದ್ದೆ!"

"ಆ ಕೋಲನ್ನ ನಿನ್ನ ಕೈಗೆ ಕೊಟ್ಟವನು ನಾನು."

"ಇಸ್ಕೊಂಡವಳು ನಾನು. ನನ್ನ ಪಾಲು ನನಗೆ ಬೇಕು. ಡೆನೀಸ್‌ಗೆ ಹೇಳಿ ಬಂದೆ."

ಅವನು ಕಣ್ಣು ಮುಚ್ಚಿದ. "ಏನಂದ್ಲು?"

"ಹೋಗು ಅಂದ್ಲು."

"ನಂಗೂ ಅದನ್ನೇ ಅಂದ್ಲು."

ಕೊನೆಗೆ ಅವಳೇ ಕೇಳಿದಳು, ಎದೆಯೊಳಗೆ ಮುಳ್ಳಿನಂತಿದ್ದ ಮಾತನ್ನು.

"ನಿನ್ನೆ... ಕೈ ಚಾಚ್ದೆ. ನೀನು ನೋಡದೆ ಹೋದೆ."

"ಯಾವಾಗ?"

"ಹೆಲಿಕಾಪ್ಟರ್ ಹತ್ರ. ಕೂಗಿದೆ ಕೂಡ."

"ಆಡ್ರಾ..." ಅವನ ಮುಖ ಬಾಡಿಹೋಯಿತು. "ಯಾವ ಕಡೆ ನಿಂತಿದ್ದೆ ನೀನು?"

ಅವಳು ಆ ಗಳಿಗೆಯನ್ನು ಮನಸ್ಸಿನಲ್ಲೇ ಮತ್ತೆ ನೋಡಿದಳು.

ಬಲಗಡೆ!

ಮಾವನನ್ನು ಬಿಟ್ಟರೆ ಇಡೀ ಪ್ರಪಂಚದಲ್ಲಿ ಆ ಗುಟ್ಟು ಗೊತ್ತಿದ್ದವಳು ಅವಳೊಬ್ಬಳೇ. ಅವಳೇ ಮರೆತಿದ್ದಳು.

"ನಾನು ನಿನ್ನನ್ನೇ ಹುಡುಕ್ತಾ ಬರ್ತಿದ್ದೆ ಕಣೇ," ಎಂದ ಅವನು. "ಸಿಗ್ಲಿಲ್ಲ ನೀನು."

ಅವಳು ಅತ್ತಳು. ನಿನ್ನೆಯಿಂದ ತಡೆದದ್ದೆಲ್ಲ ಬಂತು. ಅವನು ಅವಳ ಹಣೆಗೆ ಹಣೆಯಿಟ್ಟ. ಅವನೂ ಅಳುತ್ತಿದ್ದ, ಎರಡೂ ಕಣ್ಣಿನಿಂದ. ಒಳಗೆ ಎಲ್ಲೋ ಒಂದು ಕೋಣೆಯಲ್ಲಿ ಕರ್ಟ್ ಮಲಗಿದ್ದ. ಅದು ಅವರಿಬ್ಬರ ನಡುವೆ ಯಾವತ್ತೂ ಇರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

"ಪ್ರೀತಿಸ್ತೀನಿ ಅಂತ ಹೇಳೋ ದಿನ ಅಲ್ಲ ಇದು," ಎಂದ.

"ಅಲ್ಲ."

"ಆದ್ರೂ..."

"ಗೊತ್ತು, ವೇಡ್. ನಂಗೂ."

ಅವನು ಜೇಬಿನಿಂದ ಟ್ರಕ್ಕಿನ ಕೀ ತೆಗೆದ. ಕೀಯನ್ನು ಅವಳ ಅಂಗೈಯಲ್ಲಿಟ್ಟು, ಸುತ್ತು ಹಾಕಿ ಹೋಗಿ ಪಕ್ಕದ ಸೀಟಿನಲ್ಲಿ ಕೂತ.

ಅಷ್ಟು ದೊಡ್ಡ ಗಾಡಿಯನ್ನು ಅವಳು ಯಾವತ್ತೂ ಓಡಿಸಿರಲಿಲ್ಲ. ಮೊದಲ ತಿರುವಿನಲ್ಲೇ ಚಕ್ರ ಕಲ್ಲಿನ ಅಂಚು ಹತ್ತಿ ಧಡಕ್ಕೆಂದು ಇಳಿಯಿತು. ಅವನು ಬಾಗಿಲ ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಂಡ.

"ನಿಧಾನ... ಸ್ವಲ್ಪ ನಿಧಾನ..."

"ಹೆದರಿಕೆ ಆಗುತ್ತಾ?"

"ಹೂಂ," ಎಂದ ವೇಡ್. "ಈಗ ಆಗುತ್ತೆ."